ವಾಲ್ವ್ ಆಪರೇಷನ್ ಆಗಿ ವರ್ಷ ತುಂಬಿತು, ಮನಸ್ಸೇಕೆ ಇನ್ನೂ ಭಾರ?

ಹೃದಯದ ವಾಲ್ವ್ ಬದಲಿಸಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಆಪರೇಷನ್ ಆಗಿ ಇವತ್ತಿಗೆ ಒಂದು ವರ್ಷ. ಮನೆಯವರೆಲ್ಲ ಮರುಹುಟ್ಟು ಅಂತ ಸಂಭ್ರಮದಲ್ಲಿದ್ದಾರೆ. ನನಗೆ ಮಾತ್ರ ಅಳು ಬರುತ್ತಿದೆ. ಹೀಗಾಗುವುದು ಸರಿಯೇ?"

ಸರಿಯೇ. ನನ್ನ ಕೇಳಿದರೆ ಮನೆಯವರಿಗಿಂತ ನಿಮ್ಮ ಲೆಕ್ಕವೇ ಕರಾರುವಾಕ್ಕಾಗಿದೆ. ಜೀವ ತೆಗೆಯುವ ಕಾಯಿಲೆಯೊಂದನ್ನು ಕೊಟ್ಟು, ಸಂಭಾಳಿಸಿಕೊಂಡು ಹೋಗಬಹುದಾದ ಇನ್ನೊಂದನ್ನು ತಂದುಕೊಂಡಿದ್ದೀರಿ. ಲಾಭದ ವ್ಯಾಪಾರವೇ. ಆದರೆ ಕಂತು ಕಟ್ಟುವುದು ಮುಗಿದಿಲ್ಲ ಎಂದು ಒಳಮನಸ್ಸಿಗೆ ಗೊತ್ತು.

ಎದೆ ತೆರೆದು ಮಾಡುವ ಆಪರೇಷನ್ನಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವ ದ್ರಾವಣ ಹರಿಸಿ ಹೃದಯವನ್ನು ಬೇಕೆಂದೇ ನಿಲ್ಲಿಸುತ್ತಾರೆ. ಹೊಸ ವಾಲ್ವ್ ಹೊಲಿದು ಮುಗಿಯುವ ತನಕ ರಕ್ತಕ್ಕೆ ಆಮ್ಲಜನಕ ತುಂಬಿ ಮೈಗೆಲ್ಲ ಹರಿಸುವುದು ಯಂತ್ರ. ಒಳಗಿದ್ದವರಿಗೆ ಆ ಹೊತ್ತಿನ ನೆನಪೇ ಇಲ್ಲ, ಹೊರಗೆ ಕಾದವರಿಗೆ ಪ್ರತಿ ನಿಮಿಷವೂ ನೆನಪಿದೆ. ಒಂದೇ ತಾರೀಕು ಒಂದೇ ಮನೆಯಲ್ಲಿ ಎರಡು ಥರ ಕಾಣುವುದು ಅದಕ್ಕೇ.

ಭಯಕ್ಕೆ ಬರೋಣ. ಲೋಹ-ಕಾರ್ಬನ್ನಿನ ಮೆಕ್ಯಾನಿಕಲ್ ವಾಲ್ವ್ ಆದರೆ ರಾತ್ರಿ ನಿಶ್ಶಬ್ದದಲ್ಲಿ ಟಿಕ್ ಟಿಕ್ ಕೇಳುತ್ತದೆ. ನಿಮಿಷಕ್ಕೆ 70 ಬಡಿತ ಎಂದರೂ ವರ್ಷಕ್ಕೆ ಮೂರೂವರೆ ಕೋಟಿ ದಾಟುತ್ತದೆ. ಆ ಸದ್ದಿಗೆ ಹೆದರಬೇಕಿಲ್ಲ. ಅದು ಇದ್ದಕ್ಕಿದ್ದಂತೆ ಮಂಕಾಗಿ, ಜೊತೆಗೆ ಏದುಸಿರು ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು. ರಕ್ತ ಹೆಪ್ಪುಗಟ್ಟಿ ವಾಲ್ವಿನ ಎಲೆ, ಅಂದರೆ ತೆರೆದು ಮುಚ್ಚುವ ರೆಕ್ಕೆ, ಸಿಕ್ಕಿಕೊಂಡಿರಬಹುದು.

ಹಾಗಾಗದಿರಲೆಂದೇ ಜೀವನಪೂರ್ತಿ ವಾರ್ಫರಿನ್, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ. (1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದ ವಸ್ತು, ಮನುಷ್ಯರಿಗೆ ಔಷಧಿಯಾದದ್ದು ಆಮೇಲೆ.) ಈಗಿನ ಎರಡು ಎಲೆಯ ವಾಲ್ವ್ ಮಹಾಪಧಮನಿಯ ಜಾಗದಲ್ಲಿದ್ದು ಬೇರೆ ತೊಡಕಿಲ್ಲದಿದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ರಕ್ತಪರೀಕ್ಷೆ ಹೇಳುವ ಅಂಕಿ) ಸಾಮಾನ್ಯವಾಗಿ 2ರಿಂದ 3 ಇರಬೇಕು, ಮೈಟ್ರಲ್ ಜಾಗದಲ್ಲಿದ್ದರೆ, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಇದ್ದರೆ, 2.5ರಿಂದ 3.5. ಕಡಿಮೆಯಾದರೆ ಪಾರ್ಶ್ವವಾಯು, ಹೆಚ್ಚಾದರೆ ರಕ್ತಸ್ರಾವ. ಡೋಸ್ ಬದಲಿಸಿದ ಪರಿಣಾಮ ಕಾಣಲು ಎರಡು ಮೂರು ದಿನವಾದರೂ ಬೇಕು, ಏಕೆಂದರೆ ರಕ್ತದಲ್ಲಿ ಆಗಲೇ ಇರುವ ಹೆಪ್ಪುಗಟ್ಟಿಸುವ ಅಂಶಗಳು ಕರಗಬೇಕಲ್ಲ. ಅವಸರಪಟ್ಟು ದಿನಕ್ಕೊಂದು ಡೋಸ್ ಮಾಡಿಕೊಂಡವರ ಐಎನ್‌ಆರ್ ಉಯ್ಯಾಲೆಯಾಡುವುದು ಇದರಿಂದಲೇ. ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ, ಮರುದಿನ ಎರಡು ನುಂಗಬೇಡಿ.

ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್ನಿಗೆ ಅಡ್ಡ ಬರುತ್ತದೆ ನಿಜ, ಆದರೆ ಸೊಪ್ಪು ತಿನ್ನಲೇಬಾರದು ಎಂಬುದು ತಪ್ಪು ಸಲಹೆ. ವಾರದಿಂದ ವಾರಕ್ಕೆ ಹೆಚ್ಚೂಕಡಿಮೆ ಒಂದೇ ಅಳತೆಯಲ್ಲಿದ್ದರೆ ಸಾಕು. ನಿಜವಾಗಿ ಕೆಡಿಸುವುದು ಬೇರೆ ಔಷಧಿಗಳು. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್ ಐಎನ್‌ಆರ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವದ ಅಪಾಯ. ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯಲ್ಲ ಎನ್ನುವವರಿಗೆ: ಮೆಕ್ಯಾನಿಕಲ್ ವಾಲ್ವ್ ಇದ್ದವರಿಗೆ ಅವು ಸಲ್ಲ. ಅವುಗಳಲ್ಲೊಂದಾದ ಡಾಬಿಗಟ್ರಾನ್ ಪ್ರಯೋಗದಲ್ಲಿ ಹೆಪ್ಪುಗಟ್ಟುವುದೂ ರಕ್ತಸ್ರಾವವೂ ವಾರ್ಫರಿನ್ನಿಗಿಂತ ಹೆಚ್ಚಾಗಿ, ಅದನ್ನು ಅರ್ಧಕ್ಕೇ ನಿಲ್ಲಿಸಿದರು.

ಹಸು ಅಥವಾ ಹಂದಿಯ ಅಂಗಾಂಶದ ವಾಲ್ವ್ ಆದರೆ ಮಾತ್ರೆಯ ಕಾಟ ಬಹುಮಂದಿಗೆ ಕೆಲವು ತಿಂಗಳಷ್ಟೇ. ಆದರೆ ಅದರ ಮೇಲೆ ನಿಧಾನವಾಗಿ ಸುಣ್ಣ ಕಟ್ಟುತ್ತದೆ. 10-15 ವರ್ಷಕ್ಕೆ ಸವೆಯಬಹುದು, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ಅಂಥವರಿಗೆ ವಾರ್ಷಿಕ ದಿನ ಒಳಗೊಳಗೇ ಎಣಿಕೆಯಾಗಿಬಿಡುತ್ತದೆ. ಎಣಿಕೆಯನ್ನು ನೀವು ಹೊರುವುದಕ್ಕಿಂತ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿಗೆ ಬಿಡಿ. ಆಪರೇಷನ್ ಆದ ಮೊದಲ ಮೂರು ತಿಂಗಳೊಳಗೆ ತೆಗೆದ ಎಕೋ ಜೋಪಾನವಾಗಿರಲಿ, ಮುಂದೆ ಗ್ರೇಡಿಯಂಟ್ (ವಾಲ್ವಿನ ಎರಡು ಬದಿಯ ಒತ್ತಡದ ಅಂತರ) ಏರಿದೆಯೋ ಇಲ್ಲವೋ ಎಂದು ಹೇಳುವುದು ಅದರೊಂದಿಗಿನ ಹೋಲಿಕೆಯೇ.

ಎರಡೂ ಬಗೆಯವರು ಹಲ್ಲನ್ನು ಮರೆಯುತ್ತಾರೆ. ಒಸಡಿನಿಂದ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಕೃತಕ ವಾಲ್ವಿನ ಮೇಲೆ ಮನೆ ಮಾಡಬಲ್ಲದು. ಹಲ್ಲು ಕೀಳಿಸುವ, ಒಸಡು ಕೆದಕುವ ಚಿಕಿತ್ಸೆಗೆ 30ರಿಂದ 60 ನಿಮಿಷ ಮುಂಚೆ ವಯಸ್ಕರಿಗೆ ಅಮಾಕ್ಸಿಸಿಲಿನ್ 2 ಗ್ರಾಂ ಕೊಡುವುದು ವಾಡಿಕೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಬೇರೆಯದು ಕೊಡುತ್ತಾರೆ. ಕಾರಣ ತಿಳಿಯದ ಜ್ವರ ಬಿಡದಿದ್ದರೆ ಆಂಟಿಬಯಾಟಿಕ್ ನುಂಗುವ ಮೊದಲೇ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಹುಡುಕುವ ಪರೀಕ್ಷೆ) ಆಗಲಿ. ಆಮೇಲೆ ಮಾಡಿಸಿದರೆ ರೋಗಾಣು ಸಿಗದೇ ಹೋಗಬಹುದು.

ಇನ್ನು ಅಳು. ಆ ತಾರೀಕಿನ ಆಸುಪಾಸು ನಾಲ್ಕು ದಿನ ಕಣ್ಣು ತುಂಬಿದರೆ ತುಂಬಲಿ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ನಿದ್ದೆ, ಊಟ, ಆಸಕ್ತಿ ಎಲ್ಲವೂ ಎರಡು ವಾರ ಕಳೆದರೂ ಮರಳದಿದ್ದರೆ ಅದು ಖಿನ್ನತೆಯಿರಬಹುದು. ಹೃದಯದ ಆಪರೇಷನ್ ಆದವರಲ್ಲಿ ಅದು ಅಪರೂಪವೇನಲ್ಲ, ಚಿಕಿತ್ಸೆಯೂ ಇದೆ. ಹೇಳುವಾಗ ವಾರ್ಫರಿನ್ ವಿಷಯ ಬಿಡಬೇಡಿ. ಖಿನ್ನತೆಯ ಕೆಲವು ಮಾತ್ರೆಗಳು ಅದರ ಜೊತೆ ರಕ್ತಸ್ರಾವ ಹೆಚ್ಚಿಸುತ್ತವೆ, ಡಾಕ್ಟರು ನೋಡಿ ಆರಿಸಬೇಕಾಗುತ್ತದೆ.