ಅಂಕಿಗೆ ಅಂಟಿದ ಎಂಬಿ

14 ಮಾರ್ಚ್ 2024, ಗುರುವಾರ

ಹತ್ತು ನಿಮಿಷದ ಕೆಲಸ ಎಂದುಕೊಂಡು ಬೆಳಗ್ಗೆ ಕೈಹಾಕಿದೆ. ನಮ್ಮ ತಂತ್ರಾಂಶದ ಪರದೆಗಳೆಲ್ಲ ಕನ್ನಡಕ್ಕೆ ಬಂದಿವೆ, ಕಡತದ ಗಾತ್ರ ಮಾತ್ರ ರೋಮನ್ ಅಕ್ಷರಗಳಲ್ಲೇ ಉಳಿದಿತ್ತು. ಕೋಡ್ ತೆರೆದಾಗ ಕಾರಣ ಸಿಕ್ಕಿತು: ಗಾತ್ರವನ್ನು 1024ರಿಂದ ಭಾಗಿಸುತ್ತ ಹೋಗಿ, ಕೊನೆಗೆ ಉಳಿದ ಅಂಕಿಯ ಬಾಲಕ್ಕೆ ಕೆಬಿಯನ್ನೋ ಎಂಬಿಯನ್ನೋ ನೇರವಾಗಿ ಅಂಟಿಸಲಾಗಿದೆ. ಅನುವಾದದ ಕಡತಕ್ಕೆ ಆ ಹೆಸರುಗಳು ಬಂದೇ ಇಲ್ಲ.

ಕೆಬಿ, ಎಂಬಿಯಂಥ ಅಳತೆಯ ಮಾನಗಳನ್ನು ಬಿಡಿಬಿಡಿಯಾಗಿ ಅನುವಾದಕ್ಕೆ ಕೊಟ್ಟೆ. ಡೌನ್‌ಲೋಡ್ ಪಟ್ಟಿಯಲ್ಲಿ ಮೂಡಿದ್ದು ‘12 ಎಂಬಿ ರಲ್ಲಿ 3 ಎಂಬಿ’. ಈ ಅನಾಥ ‘ರಲ್ಲಿ’ಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬರಿಯ ಅಂಕಿಯಾಗಿದ್ದರೆ ‘12ರಲ್ಲಿ’ ಎಂದು ನಡೆಯುತ್ತಿತ್ತು. ಮಾನ ಬಂದ ಮೇಲೆ ಎಂಬಿಯಲ್ಲಿ, ಬೈಟಿನಲ್ಲಿ ಎಂದಾಗಬೇಕು. ಪದದ ಕೊನೆಯನ್ನು ನೋಡಿ ಪ್ರತ್ಯಯ ಹಚ್ಚುವ ಬುದ್ಧಿ ನಮ್ಮ ಕೋಡಿಗಿಲ್ಲ. ಕೊನೆಗೆ ‘ಬಂದದ್ದು 3 ಎಂಬಿ, ಒಟ್ಟು 12 ಎಂಬಿ’ ಎಂದು ಸಾಲನ್ನೇ ಮುರಿದು ಕಟ್ಟಿದೆ. ತುಸು ಒರಟು, ಆದರೆ ತಪ್ಪಿಲ್ಲ.

ಅಂಕಿಯ ಜಾಗವನ್ನೂ ಸೇರಿಸಿ ಇಡೀ ತುಣುಕನ್ನೇ ಅನುವಾದಕರಿಗೆ ಕೊಡುವಂತೆ ಮಧ್ಯಾಹ್ನ ಬದಲಿಸಿದೆ. ಇದು ಕನ್ನಡದ ಹಟವಷ್ಟೇ ಅಲ್ಲ. ಫ್ರೆಂಚರಿಗೆ ಬೈಟ್ ಎಂದರೆ ಆಕ್ಟೆಟ್, ಹಾಗಾಗಿ ಅವರ ಎಂಬಿ ‘ಎಂಒ’; ದಶಮಾಂಶಕ್ಕೆ ಬಿಂದುವಿನ ಬದಲು ಅಲ್ಪವಿರಾಮ. ಫಿನ್ನಿಷ್‌ನಲ್ಲಿ ಬೈಟ್ ‘ತವು’, ಅದರ ಗುರುತು ‘ಟಿ’. ತಂತ್ರಾಂಶದ ಅನುವಾದಗಳನ್ನು ನಿಭಾಯಿಸುವ ಗೆಟ್‌ಟೆಕ್ಸ್ಟ್ ಎಂಬ ಸಾಧನ ಕನ್ನಡದಲ್ಲಿ ಏಕವಚನಕ್ಕೊಂದು, ಬಹುವಚನಕ್ಕೊಂದು ಎಂದು ಎರಡು ರೂಪ ಕೇಳಿತು. ‘5 ಬೈಟ್’ ಎಂದರೆ ನಮಗೆ ಸಾಕು, ಎರಡರಲ್ಲೂ ಅದನ್ನೇ ತುಂಬಿದೆ. ಮೆಗಾಬೈಟನ್ನು ‘ಮೆ.ಬೈ.’ ಎಂದು ಚಿಕ್ಕದಾಗಿಸುವ ಸಲಹೆಯೂ ಬಂದಿತ್ತು. ಯಾರೂ ಬಾಯಲ್ಲಿ ಆಡದ್ದನ್ನು ಪರದೆಯಲ್ಲಿ ಏಕೆ ಓದಿಸಬೇಕು?

1024 ಬೈಟಿಗೆ ಕಿಬಿಬೈಟ್ ಎಂಬ ಹೆಸರು 1998ರಿಂದಲೇ ಇದೆ. ಬಳಸಿದರೆ ಓದುಗರು ಅಚ್ಚಿನ ತಪ್ಪೆಂದುಕೊಳ್ಳುತ್ತಾರೆ. ಬಳಸದಿದ್ದರೆ ಸಾವಿರದ ಲೆಕ್ಕದಲ್ಲಿ 500 ಜಿಬಿ ಎಂದು ಕೊಂಡ ಡಿಸ್ಕ್ ನಮ್ಮ 1024ರ ಲೆಕ್ಕದಲ್ಲಿ 465 ಎಂದು ಕಾಣುತ್ತದೆ. ಸದ್ಯಕ್ಕೆ ಮುಟ್ಟಿಲ್ಲ.

ನಿಜವಾಗಿ ತಲೆ ತಿಂದದ್ದು ಸಂಜೆಯ ಸಂಗತಿ. ಇಂಗ್ಲಿಷಿನಲ್ಲಿ ದೊಡ್ಡ ಬಿ ಬೈಟ್, ಸಣ್ಣ ಬಿ ಬಿಟ್. ಎರಡಕ್ಕೂ ಎಂಟು ಪಟ್ಟು ವ್ಯತ್ಯಾಸ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳೇ ಇಲ್ಲ, ಕಡತವೂ ಎಂಬಿ, ಜಾಲದ ವೇಗವೂ ಎಂಬಿ. ವೇಗದ ಅಂಕಣದಲ್ಲಿ ಮೆಗಾಬಿಟ್ ಎಂದು ಪೂರ್ತಿ ಬರೆದೆ. ಅಂಕಣದ ಅಗಲ ಸಾಲದೆ ಈಗ ಅಲ್ಲಿ ಕಾಣುತ್ತಿರುವುದು ‘40 ಮೆಗಾ…’