ಯಾವ ಡಿಪಾರ್ಟ್‌ಮೆಂಟ್, ಸರ್?

“ನಿನ್ನ ಸ್ಕೂಲ್ ಅಡ್ಮಿಶನ್‌ಗೂ ಇದನ್ನೇ ಹಾಕ್ಕೊಂಡು ಬಂದಿದ್ದೆ. ಆಗ ನೀನೇನೂ ಅನ್ಲಿಲ್ಲ.”

ಅಪ್ಪ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಕನ್ನಡಿ ನೋಡುತ್ತಾ, ಕಾಲರ್ ಸರಿ ಮಾಡಿಕೊಳ್ಳುತ್ತಾ, ಇವತ್ತು ಮೋಡ ಜಾಸ್ತಿ ಇದೆ ಅನ್ನುವ ಹಾಗೆ ಹೇಳಿದರು. ಹಡಗಿನಿಂದ ಇಳಿದು ಐದು ದಿನವಾಯಿತು. ಪಾತ್ರೆ ತೊಳೆಯುವಾಗ, ಆಫೀಸ್ ಮೀಟಿಂಗ್‌ನಲ್ಲಿ ಮ್ಯೂಟ್ ಮಾಡಿಕೊಂಡು ಕೂತಿರುವಾಗ, ಆ ಮಾತು ಬಂದು ಪಕ್ಕದಲ್ಲಿ ಕೂರುತ್ತದೆ.

ಸಿಯಾಟಲ್‌ನಲ್ಲಿ ಇರುವವರಿಗೆ ಅಪ್ಪ ಅಮ್ಮ ಬಂದಾಗ ಅಲಾಸ್ಕಾ ಕ್ರೂಸ್ ಒಂದು ಕಡ್ಡಾಯ ವ್ರತ. ಮನೆಗೆ ಬಂದ ನೆಂಟರನ್ನು ಸಾಗರದವರು ಜೋಗಕ್ಕೆ ಕರೆದುಕೊಂಡು ಹೋಗುವ ಹಾಗೆ. ಏಳು ರಾತ್ರಿ. ಜೂನೋ, ಸ್ಕ್ಯಾಗ್ವೇ, ಕೆಚಿಕನ್, ಕೊನೆಗೆ ಒಂದು ಸಂಜೆ ಕೆನಡಾದ ವಿಕ್ಟೋರಿಯಾ. ಆ ಒಂದು ಸಂಜೆಗೋಸ್ಕರ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಮಾಡಿಸಿದ್ದೇ ಒಂದು ದೊಡ್ಡ ಕಥೆ. ಪರದೇಶದ ಧ್ವಜ ಹೊತ್ತ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ವಾಪಸ್ ಬರಬೇಕಾದರೆ ನಡುವೆ ಬೇರೆ ದೇಶದ ಬಂದರನ್ನು ಮುಟ್ಟಲೇಬೇಕಂತೆ. 1886ರ ಕಾನೂನು. ಹೋಗಲಿ ಬಿಡಿ.

ನನ್ನ ತಲೆನೋವು ವೀಸಾ ಆಗಿರಲಿಲ್ಲ. ಏಳು ರಾತ್ರಿಗಳಲ್ಲಿ ಎರಡು ‘ಫಾರ್ಮಲ್ ನೈಟ್’ ಆಗಿತ್ತು.

ಅವತ್ತು ದೊಡ್ಡ ಡೈನಿಂಗ್ ರೂಮ್‌ಗೆ ಗಂಡಸರು ಟಕ್ಸಿಡೋ ಅಥವಾ ಸೂಟು, ಹೆಂಗಸರು ಗೌನ್ ಹಾಕಿಕೊಂಡು ಬರುತ್ತಾರೆ. ಬೇಡ ಅಂದರೆ ಮೇಲಿನ ಡೆಕ್ಕಿನ ಬಫೆಯಲ್ಲಿ ಟೀ ಶರ್ಟ್ ಹಾಕಿಕೊಂಡೇ ತಿನ್ನಬಹುದು, ಯಾರೂ ಕೇಳುವುದಿಲ್ಲ. ಎಷ್ಟೋ ಜನ ಹಾಗೇ ಮಾಡುತ್ತಾರೆ. ನಾವೂ ಮಾಡಬಹುದಿತ್ತು. ಆದರೆ ನಾಲ್ಕು ಕ್ರೂಸ್ ಮಾಡಿರುವ ನನ್ನ ಗೆಳತಿಯೊಬ್ಬಳು ಇದ್ದಾಳಲ್ಲ. ಅವಳು ಯಾವ ದಿನ ಯಾವ ಬಟ್ಟೆ ಅಂತ ಎಕ್ಸೆಲ್ ಶೀಟ್ ಮಾಡಿ ಕಳಿಸಿದಳು. ಕಿವಿಯೋಲೆಗೂ ಒಂದು ಕಾಲಂ. ಒಳ್ಳೆಯವಳೇ, ಆದರೆ ಅವಳ ಸಲಹೆ ಕೇಳಿದ ಮೇಲೆ ಪ್ರವಾಸಕ್ಕೆ ಹೋಗುವ ಖುಷಿ ಹೋಗಿ ಪರೀಕ್ಷೆಗೆ ಹೋಗುವ ಭಯ ಬರುತ್ತದೆ.

ಅಮ್ಮನ ವಿಷಯದಲ್ಲಿ ಚಿಂತೆ ಇರಲಿಲ್ಲ. ಅಮ್ಮನ ಹತ್ತಿರ ಮೈಸೂರು ಸಿಲ್ಕ್ ಇತ್ತು. ಪ್ರಪಂಚದ ಯಾವ ಬಾಗಿಲಲ್ಲೂ ಮೈಸೂರು ಸಿಲ್ಕನ್ನು ತಡೆಯುವವರಿಲ್ಲ. ಗಂಡಸರದ್ದೇ ಕಷ್ಟ. ರೇಷ್ಮೆ ಪಂಚೆ, ಜುಬ್ಬಾ ಹಾಕಿಕೊಳ್ಳಿ, ನಮ್ಮ ಉಡುಪೂ ನಡೆಯುತ್ತದೆ ಎಂದೆ. ಅಪ್ಪ ಒಪ್ಪಲಿಲ್ಲ. “ಪಂಚೆ ಉಟ್ಟೋರನ್ನ ಬೆಂಗಳೂರಲ್ಲೇ ಮಾಲ್ ಒಳಗೆ ಬಿಡಲಿಲ್ಲ. ಇನ್ನು ಇಲ್ಲಿ?” ಎಂದರು. 2024ರ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಆದದ್ದು ಅದು. ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಆಮೇಲೆ ಗಲಾಟೆಯಾಗಿ ಸರ್ಕಾರ ಏಳು ದಿನ ಆ ಮಾಲನ್ನೇ ಮುಚ್ಚಿಸಿತು. ಅಪ್ಪನಿಗೆ ಮುಚ್ಚಿಸಿದ್ದು ನೆನಪಿಲ್ಲ, ತಡೆದದ್ದು ನೆನಪಿದೆ.

ಸರಿ, 200 ಡಾಲರ್ ಕೊಟ್ಟು ಅಂಗಡಿಯಲ್ಲಿ ಕಪ್ಪು ಸೂಟು ಕೊಡಿಸಿದೆ. ಅಪ್ಪ ಹಾಕಿ ನೋಡಿದರು, ಕೈ ಎತ್ತಿ ಇಳಿಸಿದರು, “ಚೆನ್ನಾಗಿದೆ” ಎಂದರು. ಅಪ್ಪ ಚೆನ್ನಾಗಿದೆ ಎಂದು ಅಷ್ಟು ಬೇಗ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಹಡಗು ಹತ್ತಿದ ದಿನ ಎಲ್ಲರ ಸೂಟ್‌ಕೇಸ್ ರೂಮಿನ ಬಾಗಿಲಿಗೆ ಬಂತು, ಅಮ್ಮನದು ಬರಲಿಲ್ಲ. ಹುಡುಕಿಕೊಂಡು ಕೆಳಗೆ ಹೋದರೆ ಸೆಕ್ಯೂರಿಟಿಯವರು ಅಮ್ಮನ ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ಹಡಗಿನಲ್ಲಿ ಇಸ್ತ್ರಿಪೆಟ್ಟಿಗೆ ತರುವ ಹಾಗಿಲ್ಲ, ಬೆಂಕಿಯ ಭಯ. ಚೀಟಿ ಕೊಟ್ಟು, ಇಳಿಯುವಾಗ ತಗೊಳ್ಳಿ ಎಂದರು. ಅಮ್ಮನಿಗೆ ಅವಮಾನವಾಯಿತು. ಅಪ್ಪ ಮಾತ್ರ ಸೆಕ್ಯೂರಿಟಿಯವರ ಪಕ್ಷ. “ಸರಿಯಾಗೇ ಇದೆ ಕಣೇ. ಎಲ್ಲಾ ರೂಮಲ್ಲೂ ಸಂಜೆ ಆರಕ್ಕೆ ಒಂದೊಂದು ಸಾವಿರ ವಾಟ್ ಹಾಕಿದ್ರೆ ಲೋಡ್ ಎಷ್ಟಾಗುತ್ತೆ ಗೊತ್ತಾ? ನಡು ಸಮುದ್ರಕ್ಕೆ ಫೈರ್ ಇಂಜಿನ್ ಬರುತ್ತಾ?” ಎಂದರು. ಕೆ.ಇ.ಬಿ.ಯಲ್ಲಿ ಮೂವತ್ತೈದು ವರ್ಷ ಇದ್ದವರು, ಬಿಡುತ್ತಾರಾ.

ಅಮ್ಮ ಸೋಲಲಿಲ್ಲ. ಸೀರೆಯನ್ನು ನೀಟಾಗಿ ಮಡಿಸಿ, ನಡುವೆ ಟವೆಲ್ ಇಟ್ಟು ಹಾಸಿಗೆ ಕೆಳಗೆ ಹಾಕಿದರು. ರಾತ್ರಿ ಅದರ ಮೇಲೆ ಇಬ್ಬರೂ ಮಲಗಿದರೆ ಬೆಳಗ್ಗೆ ಇಸ್ತ್ರಿ. ತಿಪಟೂರಿನಲ್ಲಿ ಕರೆಂಟ್ ಹೋದಾಗ ಮಾಡುತ್ತಿದ್ದ ಉಪಾಯ. ಆ ಹಾಸಿಗೆ ಕೆಳಗೆ ಸೀರೆಯ ಜೊತೆ ಇನ್ನೊಂದು ಬಟ್ಟೆಯೂ ಇತ್ತು ಅಂತ ನನಗೆ ಮಾರನೇ ದಿನ ಸಂಜೆ ಗೊತ್ತಾಯಿತು.

ಸಂಜೆ ಐದೂವರೆಗೆ ಬಾಗಿಲು ತಟ್ಟಿ ಒಳಗೆ ಹೋದೆ. ಅಪ್ಪ ಸಫಾರಿ ಹಾಕಿಕೊಂಡು ನಿಂತಿದ್ದರು.

ಬೂದು ಬಣ್ಣದ ಸಫಾರಿ. ಅರ್ಧ ತೋಳು, ನಾಲ್ಕು ಜೇಬು, ಅದೇ ಬಟ್ಟೆಯ ಪ್ಯಾಂಟು. 1989ರಲ್ಲಿ ಹೊಲಿಸಿದ್ದು. ಟೈಲರ್ ಒಳಗೆ ಜಾಸ್ತಿ ಬಟ್ಟೆ ಬಿಟ್ಟಿದ್ದರಿಂದ ಎರಡು ಸಲ ಬಿಚ್ಚಿ ಅಗಲ ಮಾಡಿಸಿದ್ದಾರೆ. ಟೆರಿಕಾಟ್, ಮೂವತ್ತಾರು ವರ್ಷದಲ್ಲಿ ಅದಕ್ಕೆ ಒಂದು ಸುಕ್ಕು ಬಿದ್ದಿಲ್ಲ. ಅದನ್ನು ಹಾಸಿಗೆ ಕೆಳಗೆ ಇಡುವ ಅಗತ್ಯವೇ ಇರಲಿಲ್ಲ.

“ಅಪ್ಪ, ಇದನ್ನ ಯಾಕೆ ತಂದ್ರಿ?” ಎಂದೆ.

“ಯಾಕೆ, ಫಾರ್ಮಲ್ ಅಂತ ತಾನೇ ಅವರು ಹೇಳಿದ್ದು?”

“ಇದು ಫಾರ್ಮಲ್ ಅಲ್ಲಪ್ಪ. ಎಲ್ಲರೂ ನೋಡ್ತಾರೆ.”

ಆಗ ಆ ಮಾತು ಬಂತು.

ನನಗೆ ಆ ಅಡ್ಮಿಶನ್ ನೆನಪಿದೆ. ಕಾನ್ವೆಂಟ್‌ನ ಉದ್ದನೆಯ ಕಾರಿಡಾರ್. ಒಳಗೆ ಸಿಸ್ಟರ್ ನನ್ನ ಜೊತೆ ಅಪ್ಪ ಅಮ್ಮನನ್ನೂ ಪ್ರಶ್ನೆ ಕೇಳುತ್ತಾರೆ ಅಂತ ಸುದ್ದಿ. ನಾನು ಅಪ್ಪನ ಸಫಾರಿಯ ಕೆಳಗಿನ ಜೇಬು ಹಿಡಿದು ನಿಂತಿದ್ದೆ. ಸರಿಯಾಗಿ ನನ್ನ ಕೈಗೆ ಎಟುಕುವ ಎತ್ತರದಲ್ಲಿ ಇತ್ತು ಅದು. ಒಳಗೆ ಪೆಪ್ಪರ್‌ಮಿಂಟ್ ಇತ್ತು. ಅದನ್ನು ಅವತ್ತಿಗೆಂದೇ ಹೊಲಿಸಿದ್ದು ಅಂತ ನನಗೆ ಗೊತ್ತಿರಲಿಲ್ಲ. ಮೊನ್ನೆ ಅಮ್ಮ ಹೇಳಿದರು. ಅಲ್ಲಿಯವರೆಗೆ ಅಪ್ಪನ ಹತ್ತಿರ ಬುಶ್ ಶರ್ಟ್‌ಗಳು ಮಾತ್ರ ಇದ್ದವಂತೆ.

ಕಾರಿಡಾರಿನಲ್ಲಿ ನನ್ನ ಗಂಡ ಕಾಯುತ್ತಿದ್ದರು. ಬಾಡಿಗೆ ಟಕ್ಸಿಡೋ, ಕಪ್ಪು ಬೋ ಟೈ. ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದರು. ಅಪ್ಪನನ್ನು ನೋಡಿ ಒಂದು ಕ್ಷಣ ಸುಮ್ಮನಾಗಿ, ನನ್ನ ಕಿವಿಯಲ್ಲಿ “ಮುಖ್ಯಮಂತ್ರಿಗಳ ಗನ್‌ಮ್ಯಾನ್ ತರ ಇದ್ದಾರೆ” ಎಂದರು. ನಗು ಬಂತು. ನಕ್ಕೆ ಕೂಡ. ಅದೂ ಈಗ ನೆನಪಾಗುತ್ತದೆ.

ಲಿಫ್ಟಿನಿಂದ ಡೈನಿಂಗ್ ರೂಮಿನವರೆಗೆ ಐವತ್ತು ಹೆಜ್ಜೆ ಇರಬಹುದು. ಅಲಾಸ್ಕಾ ಕಡೆ ಬೇಸಿಗೆಯಲ್ಲಿ ಸಂಜೆ ಆರಕ್ಕೆ ಮಟಮಟ ಬಿಸಿಲು. ಮಿಂಚುವ ಗೌನ್‌ಗಳೆಲ್ಲ ಆ ಬೆಳಕಿನಲ್ಲಿ ಮದುವೆ ಮುಗಿದ ಮಾರನೇ ಬೆಳಗಿನ ಚಪ್ಪರದ ಹಾಗೆ ಕಾಣುತ್ತಿದ್ದವು. ನಾನು ಅಪ್ಪನಿಗಿಂತ ಎರಡು ಹೆಜ್ಜೆ ಮುಂದೆ ನಡೆದೆ. ಮರೆ ಮಾಡಲಿಕ್ಕೋ, ಜೊತೆಗಿಲ್ಲ ಅಂತ ತೋರಿಸಲಿಕ್ಕೋ, ಈಗಲೂ ಗೊತ್ತಿಲ್ಲ. ಬಾಗಿಲಲ್ಲಿ ಹೆಡ್ ವೇಟರ್ ನಿಂತಿದ್ದ. ಜಾಕೆಟ್ ಎಲ್ಲಿ ಎಂದು ಕೇಳಿದರೆ ಏನು ಹೇಳಬೇಕು ಅಂತ ಎರಡು ವಾಕ್ಯ ರೆಡಿ ಮಾಡಿಕೊಂಡಿದ್ದೆ. ಅವನು ಅಮ್ಮನ ಸೀರೆ ನೋಡಿ ಎದೆಯ ಮೇಲೆ ಕೈಯಿಟ್ಟು ಬಗ್ಗಿದ. ಅಪ್ಪನಿಗೆ “ಗುಡ್ ಈವ್ನಿಂಗ್, ಸರ್” ಎಂದ. ಅಷ್ಟೇ. ರೆಡಿ ಮಾಡಿಕೊಂಡಿದ್ದ ಎರಡೂ ವಾಕ್ಯ ಹಾಗೇ ಉಳಿದವು.

ನಮ್ಮ ಟೇಬಲ್‌ಗೆ ಬಂದ ವೇಟರ್ ಎದೆಯ ಮೇಲೆ ಹೆಸರಿನ ಕೆಳಗೆ ‘ಇಂಡಿಯಾ’ ಎಂದಿತ್ತು. ನೀರು ಸುರಿಯುತ್ತಾ ನಮ್ಮ ಮಾತು ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, “ಕನ್ನಡದವರಾ ನೀವು? ನಂದು ಕುಂದಾಪುರ” ಎಂದ. ಎಂಟು ತಿಂಗಳ ಕಾಂಟ್ರಾಕ್ಟ್, ಐದು ಮುಗಿದಿದೆ, ಊರಲ್ಲಿ ಮಗುವಿಗೆ ಹಲ್ಲು ಬಂದಿದೆಯಂತೆ. ಎಲ್ಲ ಒಂದು ನಿಮಿಷದಲ್ಲಿ ಹೇಳಿದ. ಆಮೇಲೆ ಅಪ್ಪನ ಕಡೆ ತಿರುಗಿ, ಪೂರ್ತಿ ಗಂಭೀರವಾಗಿ ಕೇಳಿದ:

“ಯಾವ ಡಿಪಾರ್ಟ್‌ಮೆಂಟ್, ಸರ್?”

ಅಪ್ಪನ ಮುಖ ನೋಡಬೇಕಿತ್ತು. “ಕೆ.ಇ.ಬಿ.” ಎಂದರು, ಬೆನ್ನು ನೆಟ್ಟಗೆ ಮಾಡಿಕೊಂಡು. ಕೆ.ಇ.ಬಿ. 1999ರಲ್ಲೇ ಕೆಪಿಟಿಸಿಎಲ್ ಆಯಿತು, ಅಪ್ಪ ನಿವೃತ್ತರಾಗಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ಕೆ.ಇ.ಬಿ.ಯೇ. “ಅಸಿಸ್ಟೆಂಟ್ ಎಕ್ಸಿಕ್ಯೂಟಿವ್ ಇಂಜಿನಿಯರ್ ಆಗಿ ರಿಟೈರ್ ಆದೆ.” ಆ ಹುಡುಗ “ಗೊತ್ತಾಯ್ತು ಸರ್, ನೋಡಿದ ಕೂಡಲೇ ಆಫೀಸರ್ ಅಂತ ಗೊತ್ತಾಯ್ತು” ಎಂದ. ಟಿಪ್ಸ್‌ಗೆ ಹೇಳಿದ ಎನ್ನುತ್ತಾರೆ ನನ್ನ ಗಂಡ. ಇರಬಹುದು. ಆದರೆ ಸಾವಿರಾರು ಜನ ಇದ್ದ ಆ ಹಡಗಿನಲ್ಲಿ ಆ ಬಟ್ಟೆಯನ್ನು ಓದಲು ಗೊತ್ತಿದ್ದವನು ಅವನೊಬ್ಬನೇ.

ನನ್ನ ಗಂಡನಿಗೆ ಏನೇ ತಂದರೂ ಅದರ ಇತಿಹಾಸ ಓದುವ ಚಟ. ಟಕ್ಸಿಡೋ ಬಗ್ಗೆ ಶುರು ಮಾಡಿದರು. 1865ರಲ್ಲಿ ಲಂಡನ್ನಿನ ಹೆನ್ರಿ ಪೂಲ್ ಅನ್ನುವ ಟೈಲರ್ ಅಂಗಡಿ ಅಲ್ಲಿನ ಯುವರಾಜನಿಗೆ, ಮನೆಯಲ್ಲಿ ಆರಾಮಾಗಿ ಊಟಕ್ಕೆ ಕೂರಲು ಉದ್ದನೆಯ ಬಾಲವಿಲ್ಲದ ಗಿಡ್ಡ ಕೋಟು ಹೊಲಿದುಕೊಟ್ಟಿತಂತೆ. 1886ರ ಹೊತ್ತಿಗೆ ಅದು ನ್ಯೂಯಾರ್ಕ್ ಹತ್ತಿರದ ಟಕ್ಸಿಡೋ ಪಾರ್ಕ್‌ಗೆ ಬಂದು ಆ ಹೆಸರು ಅಂಟಿಕೊಂಡಿತಂತೆ. ಮತ್ತೆ 1886! ಅಪ್ಪ ಸೂಪ್ ಕುಡಿಯುತ್ತಾ ಕೇಳಿಸಿಕೊಂಡು, “ಅಂದ್ರೆ ಇದು ಮನೇಲಿ ಹಾಕೋ ಬಟ್ಟೆ” ಎಂದರು. ಅದಕ್ಕೆ ಉತ್ತರ ಇರಲಿಲ್ಲ. ಹಾಗೆ ನೋಡಿದರೆ ಸಫಾರಿ ಕೂಡ ಆಫ್ರಿಕಾದಲ್ಲಿ ಬೇಟೆಗೆ ಹೊರಟ ಬಿಳಿಯರ ಬಟ್ಟೆ. ಜಿಂಕೆ ಹೊಡೆಯಲು ಹೊಲಿದದ್ದು ನಮ್ಮಲ್ಲಿಗೆ ಬಂದು ಟ್ರಾನ್ಸ್‌ಫಾರ್ಮರ್ ಇನ್‌ಸ್ಪೆಕ್ಷನ್ ಮಾಡಿತು.

ಸ್ವಲ್ಪ ಹೊತ್ತಿಗೆ ನನ್ನ ಗಂಡ ಎದ್ದು ಟಾಯ್ಲೆಟ್‌ಗೆ ಹೋದರು. ವಾಪಸ್ ಬರುವಾಗ ದಾರಿಯ ಟೇಬಲ್‌ನಲ್ಲಿದ್ದ ಅಜ್ಜಿಯೊಬ್ಬರು ಬ್ರೆಡ್ ಬುಟ್ಟಿ ಎತ್ತಿ ಅವರ ಕೈಗೆ ಕೊಟ್ಟರು. ಇನ್ನಷ್ಟು ತಂದುಕೊಡಪ್ಪ ಎಂದು. ಇವರು ಒಂದು ಕ್ಷಣ ನಿಂತರು. ಬುಟ್ಟಿ ತೆಗೆದುಕೊಂಡು ಹೋಗಿ ವೇಟರ್ ಒಬ್ಬನಿಗೆ ಕೊಟ್ಟು, ನಗುತ್ತಾ ಬಂದು ಕೂತರು. ಕಪ್ಪು ಕೋಟು, ಬೋ ಟೈ, ನಮ್ಮ ಬಣ್ಣ. ಆ ಹಾಲ್‌ನಲ್ಲಿ ಈ ಮೂರೂ ಇದ್ದವರೆಲ್ಲ ಬಡಿಸುವವರೇ.

“ಫಾರ್ಮಲ್ ಅಂದ್ರೆ ಇದೇನಾ ಅಳಿಯಂದ್ರೇ?” ಎಂದರು ಅಪ್ಪ. ಎಲ್ಲರೂ ಜೋರಾಗಿ ನಕ್ಕೆವು. ಕುಂದಾಪುರದವನೂ ನಕ್ಕ. “ನಾವು ದಿನಾ ಹಾಕ್ತೇವೆ ಸರ್ ಇದನ್ನು, ನಮಗೆ ಎಂತ ಫಾರ್ಮಲ್” ಎಂದ.

ಆ ಬ್ರೆಡ್ ಕಥೆಯನ್ನು ನನ್ನ ಗಂಡ ಈ ವಾರ ನಾಲ್ಕು ಜನಕ್ಕೆ ಹೇಳಿದ್ದಾರೆ. ಹೇಳುವಾಗಲೆಲ್ಲ ಅಜ್ಜಿಯ ವಯಸ್ಸು ಹೆಚ್ಚಾಗುತ್ತಿದೆ. ಸೋಮವಾರ ಅವರಿಗೆ 70. ನಿನ್ನೆಯ ಹೊತ್ತಿಗೆ 90 ದಾಟಿ, ಕಣ್ಣಿಗೆ ಪೊರೆಯೂ ಬಂದಿತ್ತು. ನಾನು ಏನೂ ಅನ್ನಲಿಲ್ಲ. ಆ ಅಜ್ಜಿ ಕೆಟ್ಟವರು ಅಂತ ನನಗೂ ಅನ್ನಿಸಿಲ್ಲ. ಆದರೆ ಇವರು ಯಾಕೆ ಅವರಿಗೆ ವಯಸ್ಸು ಕೊಡುತ್ತಿದ್ದಾರೆ ಅಂತ ಅರ್ಥವಾಗುತ್ತದೆ.

ನನ್ನ ತಾತ ಕಚ್ಚೆ ಪಂಚೆಯ ಮೇಲೆ ಕ್ಲೋಸ್ ಕಾಲರ್ ಕೋಟು ಹಾಕಿ, ಪೇಟ ಸುತ್ತಿ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದರು. ಕಚೇರಿಗೋಸ್ಕರ ಸೇರಿದ್ದು ಆ ಕೋಟು. ಅಪ್ಪನ ಕಾಲಕ್ಕೆ ಪಂಚೆ ಹೋಗಿ ಸಫಾರಿ. ಪ್ರತಿ ಸೆಪ್ಟೆಂಬರ್ 15ಕ್ಕೆ, ಇಂಜಿನಿಯರ್ಸ್ ಡೇ ದಿನ, ಸೂಟು ಹಾಕಿ ಮೈಸೂರು ಪೇಟ ಇಟ್ಟ ವಿಶ್ವೇಶ್ವರಯ್ಯನವರ ಫೋಟೋಗೆ ಸಫಾರಿ ಹಾಕಿದ ಇಂಜಿನಿಯರ್‌ಗಳೆಲ್ಲ ಸಾಲಾಗಿ ನಿಂತು ಹಾರ ಹಾಕುತ್ತಿದ್ದರು. ಚಿಕ್ಕವಳಿದ್ದಾಗ ನೋಡಿದ್ದೇನೆ. ಯಾವ ಬಾಗಿಲು ದಾಟಬೇಕೋ ಅದಕ್ಕೆ ತಕ್ಕ ಬಟ್ಟೆ ಹೊಲಿಸಿದವರೇ ಎಲ್ಲರೂ. ಕಾನ್ವೆಂಟ್‌ನ ಬಾಗಿಲನ್ನು ಆ ಸಫಾರಿ ದಾಟಿಸಿದ್ದು ನನ್ನನ್ನು. ಅಲ್ಲಿಂದ ಕಲಿತ ಇಂಗ್ಲಿಷ್‌ನಲ್ಲೇ ನಾನು ಆ ಎರಡು ವಾಕ್ಯ ರೆಡಿ ಮಾಡಿಕೊಂಡಿದ್ದೆ.

ಊಟ ಆದ ಮೇಲೆ ಹಡಗಿನ ಫೋಟೋಗ್ರಾಫರ್‌ಗಳು ಮೆಟ್ಟಿಲ ಹತ್ತಿರ ಪರದೆ ಕಟ್ಟಿ ಕರೆಯುತ್ತಿದ್ದರು. ನಾವು ತೆಗೆಸಲಿಲ್ಲ. ಇನ್ನೊಂದು ದಿನ ತೆಗೆಸೋಣ ಎಂದೆ. ಇನ್ನೊಂದು ದಿನ ಅಂದರೆ ಅಪ್ಪ ಸೂಟು ಹಾಕುವ ದಿನ ಅಂತ ನನ್ನ ಲೆಕ್ಕ. ಅಪ್ಪನಿಗೆ ಆ ಲೆಕ್ಕ ಅರ್ಥವಾಗಿತ್ತು.

ಎರಡನೇ ಫಾರ್ಮಲ್ ನೈಟ್‌ಗೆ ನಾನು ಬಾಗಿಲು ತಟ್ಟಿದಾಗ ಅಪ್ಪ ಸೂಟಿನಲ್ಲಿದ್ದರು. ಟೈ ಸಹ. ನನಗೆ ಖುಷಿಯಾಗಬೇಕಿತ್ತು.

“ಸಫಾರೀನೇ ಹಾಕ್ಕೋಬಹುದಿತ್ತಲ್ಲಪ್ಪ” ಎಂದೆ.

“ದುಡ್ಡು ಕೊಟ್ಟಿದ್ದೀಯಲ್ಲಮ್ಮ” ಎಂದರು.

ಕನ್ನಡಕ ಇಟ್ಟುಕೊಳ್ಳಲು ಜೇಬು ಹುಡುಕಿದರು. ಹೊಸ ಕೋಟಿನ ಜೇಬುಗಳನ್ನು ಅಂಗಡಿಯವರು ಹೊಲಿದೇ ಕೊಟ್ಟಿರುತ್ತಾರೆ, ಬಿಚ್ಚಿಕೊಳ್ಳಬೇಕು. ನಾನು ಬಿಚ್ಚಿರಲಿಲ್ಲ. “ತೋರಿಸೋಕೆ ಮಾತ್ರ ಜೇಬು” ಎಂದು ಅಪ್ಪ ಕನ್ನಡಕವನ್ನು ಕೈಯಲ್ಲೇ ಹಿಡಿದುಕೊಂಡು ಬಂದರು. ಫೋಟೋ ತೆಗೆಸಿದೆವು. ಅದರಲ್ಲೂ ಕನ್ನಡಕ ಕೈಯಲ್ಲೇ ಇದೆ. ಅವತ್ತು ಕುಂದಾಪುರದವನು ನೀರು ಸುರಿದು, ಅಪ್ಪನನ್ನು ನೋಡಿ, “ಚೆನ್ನಾಗಿದೆ ಸರ್” ಎಂದ. ಅಷ್ಟು ಬೇಗ ಎಂದ.

ಭಾನುವಾರ ಹಡಗು ಇಳಿಯುವಾಗ ಅಮ್ಮ ಚೀಟಿ ಕೊಟ್ಟು ಇಸ್ತ್ರಿಪೆಟ್ಟಿಗೆ ಬಿಡಿಸಿಕೊಂಡರು. ವೈರ್ ಬಿಚ್ಚಿ ನೋಡಿ, ಪ್ಲಗ್ ನೋಡಿ, ಆಮೇಲೆ ಬ್ಯಾಗಿಗೆ ಹಾಕಿದರು.

ಮುಂದಿನ ವಾರ ಅವರು ಊರಿಗೆ ಹೊರಡುತ್ತಾರೆ. ನಿನ್ನೆ ರಾತ್ರಿ ಪ್ಯಾಕ್ ಮಾಡಲು ಕೂತಿದ್ದೆವು. ಸಫಾರಿ ಸೂಟ್‌ಕೇಸಿನ ತಳಕ್ಕೆ ಹೋಯಿತು. ನಾನು ಕಪ್ಪು ಸೂಟನ್ನು ಮಡಿಸಿ, ಜೇಬಿನ ಹೊಲಿಗೆಯನ್ನು ಕತ್ತರಿಯಿಂದ ಒಂದೊಂದಾಗಿ ಬಿಚ್ಚುತ್ತಿದ್ದೆ.

“ಅದು ಇಲ್ಲೇ ಇರ್ಲಿ ಬಿಡಮ್ಮ” ಎಂದರು ಅಪ್ಪ. “ತಿಪಟೂರಿಗೆ ಯಾವ ಹಡಗು ಬರುತ್ತೆ?”