ಲಾಳದ ಮೊಳೆ, ಜಾಲಿಮುಳ್ಳು ಮತ್ತು ಧನುರ್ವಾಯು

ಚಳ್ಳಕೆರೆ, ಹಿರಿಯೂರು ಕಡೆ ಕುರಿಮಂದೆಯ ಜೊತೆ ಸಾಮಾನು ಹೊರುವ ಕುದುರೆಗಳ ಗೊರಸಿಗೆ ಜಾಲಿಮುಳ್ಳೋ ಲಾಳದ ಮೊಳೆಯೋ ಚುಚ್ಚುವುದು ಮಾಮೂಲು. ಹೊರಗೆ ಗಾಯ ಮುಚ್ಚಿಕೊಳ್ಳುತ್ತದೆ, ಒಳಗೆ ಗಾಳಿಯಾಡದ ಜಾಗ. ಧನುರ್ವಾಯುವಿನ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ. ಸಾಮಾನ್ಯವಾಗಿ 1ರಿಂದ 3 ವಾರದಲ್ಲಿ ಅದರ ವಿಷ ನರ ಹಿಡಿಯುತ್ತದೆ.

ಅನುಮಾನ ಬಂದರೆ ಕುದುರೆಯ ಗದ್ದವನ್ನು ಮೆಲ್ಲಗೆ ಎತ್ತಿ ನೋಡಿ. ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಜಾರಿ ಬಂದರೆ ತಕ್ಷಣ ಪಶುವೈದ್ಯರನ್ನು ಕರೆಸಿ. ಆಮೇಲೆ ಕಿವಿ ಸೆಟೆಯುತ್ತದೆ, ಬಾಲ ಎತ್ತಿ ನಿಲ್ಲುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ನಾಲ್ಕು ಕಾಲೂ ಮರದ ಕುದುರೆಯಂತೆ ಬಿಗಿಯುತ್ತವೆ.

ವೈದ್ಯರು ಗಾಯ ಬಿಡಿಸಿ, ಕೊಳೆತದ್ದನ್ನು ಕೆತ್ತಿ ತೆಗೆದು, ಪೆನಿಸಿಲಿನ್, ಆಂಟಿಟಾಕ್ಸಿನ್ (ವಿಷ ಮುರಿಯುವ ಮದ್ದು) ಹಾಗೂ ಸ್ನಾಯು ಸಡಿಲಿಸುವ, ಮಂಪರು ತರಿಸುವ ಔಷಧಿ ಕೊಡುತ್ತಾರೆ. ಆದರೆ ನರಕ್ಕೆ ಈಗಾಗಲೇ ಅಂಟಿಕೊಂಡ ವಿಷವನ್ನು ಆಂಟಿಟಾಕ್ಸಿನ್ ಬಿಡಿಸಲಾರದು. ತಡವಾದರೆ ಸೋಲುವುದು ಇದಕ್ಕೇ. ಉಳಿದದ್ದೆಲ್ಲ ಆರೈಕೆ: ಕತ್ತಲ ಕೊಟ್ಟಿಗೆ, ದಪ್ಪಗೆ ಹುಲ್ಲುಹಾಸು, ಕಿವಿಗೆ ಹತ್ತಿ, ಎದೆಮಟ್ಟಕ್ಕೆ ನೀರಿನ ಬಕೆಟ್, ನೆನೆಸಿದ ಮೇವು. (ನೋಡಲು ಬರುವ ನೆಂಟರನ್ನು ಮೊದಲು ಆಚೆ ಕಳಿಸಿ, ಸಣ್ಣ ಸದ್ದಿಗೂ ಸೆಳೆತ ಬರುತ್ತದೆ.) ಬಿದ್ದು ಏಳಲಾಗದ ಕುದುರೆ ಬದುಕುವುದು ಅಪರೂಪ.

ಲಸಿಕೆ ಮಾತ್ರ ಸುಲಭ: 4ರಿಂದ 6 ವಾರದ ಅಂತರದಲ್ಲಿ 2 ಡೋಸ್, ಬಳಿಕ ವರ್ಷಕ್ಕೊಂದು. ಗಬ್ಬದ ಕುದುರೆಗೆ ಈಯುವ 4ರಿಂದ 6 ವಾರ ಮೊದಲು ಹಾಕಿಸಿದರೆ ಗಿಣ್ಣುಹಾಲಿನಲ್ಲೇ ಮರಿಗೂ ರಕ್ಷಣೆ ಸಿಗುತ್ತದೆ.